ಹಸಿರು ದೀಪ ಉರಿಯುತ್ತದೆ, ಬ್ಯಾಟರಿ ತುಂಬುವುದಿಲ್ಲ

ಪ್ರಶ್ನೆ: ಸೂರಿನ ಮೇಲೆ 100 ವಾಟ್ ಸೋಲಾರ್ ಪ್ಯಾನೆಲ್, ಒಳಗೆ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ, ನಡುವೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪಿಡಬ್ಲ್ಯೂಎಂ ಚಾರ್ಜ್ ಕಂಟ್ರೋಲರ್ ಇದೆ. ನಾಲ್ಕು ವರ್ಷ ತಕರಾರಿಲ್ಲದೆ ನಡೆಯಿತು. ಈಗ ಒಂದು ತಿಂಗಳಿಂದ ಕತ್ತಲಾದ ಎರಡೇ ಗಂಟೆಗೆ ದೀಪಗಳು ಆರಿಹೋಗುತ್ತಿವೆ. ಹಗಲಲ್ಲಿ ನೋಡಿದರೆ ಕಂಟ್ರೋಲರ್‌ನ ಹಸಿರು ದೀಪ ಬ್ಯಾಟರಿ ತುಂಬಿದೆ ಅನ್ನುತ್ತದೆ. ಮಟಮಟ ಮಧ್ಯಾಹ್ನ ಮೀಟರ್ ಹಿಡಿದಾಗ ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್‌ಗಳಲ್ಲಿ 14.3 ವೋಲ್ಟ್, ಬ್ಯಾಟರಿಯ ಮೇಲೆ 12.9 ಬಂತು. ರಾತ್ರಿ ದೀಪ ಆರಿದ ಮೇಲೂ ಬ್ಯಾಟರಿ 12.1 ತೋರಿಸುತ್ತದೆ. ಯಾವುದನ್ನು ಬದಲಿಸಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಬದಲಿಸಬೇಡಿ. ಎರಡು ಕಡೆ ಅಳೆದು ಬರೆದಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. ಒಂದೇ ಜೋಡಿ ವೈರಿನ ಎರಡು ತುದಿಗಳಲ್ಲಿ 1.4 ವೋಲ್ಟ್ ವ್ಯತ್ಯಾಸ! ಸರಿಯಾದ ಜೋಡಣೆಯಲ್ಲಿ ಅದು 0.2 ದಾಟಬಾರದು. ಮಿಕ್ಕಿದ್ದು ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿದೆ.

ಅಳೆದ ಹೊತ್ತಿಗೆ 5 ಆಂಪಿಯರ್ ಹರಿಯುತ್ತಿತ್ತು ಅಂದುಕೊಳ್ಳಿ. 1.4 ವೋಲ್ಟನ್ನು 5ರಿಂದ ಭಾಗಿಸಿದರೆ 0.28 ಓಮ್ ತಡೆ, ಅಂದರೆ 7 ವಾಟ್ ಶಾಖ. ಇದೆಲ್ಲ ಯಾವುದೋ ಒಂದು ಸ್ಕ್ರೂ ಅಡಿಯಲ್ಲೋ ಫ್ಯೂಸ್ ಹೋಲ್ಡರ್‌ನಲ್ಲೋ ಸೇರಿಕೊಂಡಿರುತ್ತದೆ. ಕಂಟ್ರೋಲರ್‌ಗೆ ಬ್ಯಾಟರಿ ಕಾಣುವುದಿಲ್ಲ, ತನ್ನ ಟರ್ಮಿನಲ್ ಅಷ್ಟೇ ಕಾಣುತ್ತದೆ. ಅಲ್ಲಿ 14.4ರ ಹತ್ತಿರ ಬಂದ ಕೂಡಲೇ ಬ್ಯಾಟರಿ ತುಂಬಿತೆಂದು ಕರೆಂಟ್ ತಗ್ಗಿಸುತ್ತದೆ, ಹಸಿರು ದೀಪ ಹಚ್ಚುತ್ತದೆ. ಅದರ ಕೆಲಸ ಅದು ಸರಿಯಾಗಿಯೇ ಮಾಡುತ್ತಿದೆ.

ರಾತ್ರಿ ಇದೇ ದೋಷ ತಿರುಗಿ ಬೀಳುತ್ತದೆ. ದೀಪಗಳು 3 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 0.8 ವೋಲ್ಟ್ ಕುಸಿಯುತ್ತದೆ. ಹೆಚ್ಚಿನ ಕಂಟ್ರೋಲರ್‌ಗಳು 11 ವೋಲ್ಟಿನ ಆಸುಪಾಸಿನಲ್ಲಿ ಲೋಡ್, ಅಂದರೆ ದೀಪಗಳಿಗೆ ಹೋಗುವ ಕರೆಂಟ್, ಕಡಿಯುತ್ತವೆ. ನಿಮ್ಮದರಲ್ಲಿ ಬ್ಯಾಟರಿ ಇನ್ನೂ 11.8 ಇರುವಾಗಲೇ ಆ ಗೆರೆ ಮುಟ್ಟಿಬಿಡುತ್ತದೆ. ಲೋಡ್ ಹೋದ ಮೇಲೆ ವೋಲ್ಟ್ ತುಸು ಏರುತ್ತದೆ, ಆರಿದ ಮೇಲೆ ನಿಮಗೆ 12.1 ಕಂಡದ್ದು ಅದಕ್ಕೇ. ಹಗಲು ಅರೆಹೊಟ್ಟೆ, ರಾತ್ರಿ ಅರ್ಧಕ್ಕೇ ಊಟ ಕಸಿದಂತೆ.

ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇದೇ ಲಕ್ಷಣ ಕಂಡು, ಅಳೆಯದೆ, ಒಂದು ಒಳ್ಳೆಯ ಕಂಟ್ರೋಲರ್ ತೆಗೆಸಿ ಹೊಸದು ಹಾಕಿಸಿದ್ದೆ. ವಾರಕ್ಕೆ ದೂರು ಮತ್ತೆ ಬಂತು. ಫ್ಯೂಸ್ ಹೋಲ್ಡರ್ ಬಿಚ್ಚಿ ನೋಡಿದಾಗ ಅದರ ಒಂದು ನಾಲಗೆ ಕಂದುಬಣ್ಣಕ್ಕೆ ತಿರುಗಿತ್ತು. ಆ ಮನೆಯವರ ಹಣ ಸುಮ್ಮನೆ ಹೋಯಿತಲ್ಲ ಎಂಬ ನೋವು ಇನ್ನೂ ಇದೆ. ಅಂದಿನಿಂದ ಮೀಟರ್ ಹಿಡಿಯದೆ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ.

ತಪ್ಪಿನ ಜಾಗ ಹುಡುಕುವುದು ಹೀಗೆ. ಬಿಸಿಲು ಚೆನ್ನಾಗಿದ್ದು ಕರೆಂಟ್ ಹರಿಯುತ್ತಿರಬೇಕು. ಹರಿಯದಿದ್ದರೆ ಏನೂ ಕಾಣದು. ಕಂಟ್ರೋಲರ್ ಕರೆಂಟ್ ತಗ್ಗಿಸಿಬಿಟ್ಟಿದ್ದರೆ ರಾತ್ರಿ ದೀಪ ಹಚ್ಚಿಕೊಂಡೇ ನೋಡಿ. ಮೀಟರ್ ಡಿಸಿ ವೋಲ್ಟ್‌ನ ಸಣ್ಣ ರೇಂಜಿನಲ್ಲಿರಲಿ. ಕಂಟ್ರೋಲರ್‌ನ ಪ್ಲಸ್ ಸ್ಕ್ರೂ ಮೇಲೆ ಒಂದು ಕಡ್ಡಿ, ಬ್ಯಾಟರಿಯ ಪ್ಲಸ್ ಮೇಲೆ ಇನ್ನೊಂದು. ಆಮೇಲೆ ಮೈನಸ್‌ನಿಂದ ಮೈನಸ್‌ಗೆ. ಯಾವ ಬದಿಯಲ್ಲಿ ದೊಡ್ಡ ಅಂಕಿ ಬರುತ್ತದೋ ಆ ಬದಿಯಲ್ಲಿ ತುಂಡುತುಂಡಾಗಿ ಅಳೆಯಿರಿ: ಫ್ಯೂಸಿನ ಆಚೆ ಈಚೆ, ಪ್ರತಿ ಜಾಯಿಂಟಿನ ಆಚೆ ಈಚೆ. ಕೊನೆಗೆ ವೈರಿನ ಕ್ಲ್ಯಾಂಪಿನಿಂದ ಬ್ಯಾಟರಿಯ ಸೀಸದ ಕಂಬಕ್ಕೆ. ಇಲ್ಲಿ ಬಹಳ ಜನ ಎಡವುತ್ತಾರೆ. ಎರಡನೇ ಕಡ್ಡಿಯ ಮೊನೆ ಕ್ಲ್ಯಾಂಪ್ ಮೇಲಲ್ಲ, ಸೀಸದ ಮೇಲೇ ಒತ್ತಬೇಕು.

ಸಿಕ್ಕಿದ ಮೇಲೆ ಮೊದಲು ಪ್ಯಾನೆಲ್ ವೈರ್ ಬಿಚ್ಚಿ, ಆಮೇಲೆ ಬ್ಯಾಟರಿಯದು. ಕಿಲುಬನ್ನು ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಕಪ್ಪಗಾದ ವೈರಿನ ತುದಿಯನ್ನು ಉಜ್ಜುತ್ತ ಕೂರಬೇಡಿ, ಕತ್ತರಿಸಿ ಹೊಸ ತಾಮ್ರ ಬಿಡಿಸಿ. ಫ್ಯೂಸ್ ಹೋಲ್ಡರ್ ಬಣ್ಣಗೆಟ್ಟಿದ್ದರೆ ಬದಲಿಸಿಬಿಡಿ.

ತಿಂಗಳಿಡೀ ಅರೆ ಚಾರ್ಜಿನಲ್ಲಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಪದರ ಕೂತು ಅದು ಚಾರ್ಜ್ ಹಿಡಿಯುವುದು ತಗ್ಗಿರಬಹುದು. ನಾಲ್ಕೈದು ದಿನ ದೀಪ ಕಡಿಮೆ ಬಳಸಿ ಪೂರ್ತಿ ತುಂಬಲು ಬಿಡಿ. ಚಾರ್ಜೂ ಲೋಡೂ ಇಲ್ಲದೆ ಕೆಲವು ಗಂಟೆ ಸುಮ್ಮನಿಟ್ಟಾಗ 12.6ರಿಂದ 12.7 ನಿಂತರೆ ಅದು ಬದುಕಿಕೊಂಡಿತು. 10.5ರ ಬಳಿ ಬಂದು ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಹೋಗಿದೆ. ಆಗ ಬ್ಯಾಟರಿ ಬದಲಿಸಲೇಬೇಕು.

ಪ್ರಶ್ನೆ: ನೀರು ತುಂಬಲು ಹಗಲಲ್ಲಿ ಬ್ಯಾಟರಿ ವೈರ್ ತೆಗೆದಿದ್ದೆ. ಮತ್ತೆ ಜೋಡಿಸಿದಾಗಿನಿಂದ ಕಂಟ್ರೋಲರ್‌ನಲ್ಲಿ ಯಾವ ದೀಪವೂ ಇಲ್ಲ.

ಉತ್ತರ: ಬ್ಯಾಟರಿ ಇಲ್ಲದಾಗ ಪ್ಯಾನೆಲ್‌ನ 20–22 ವೋಲ್ಟನ್ನು ಹಿಡಿದಿಡುವವರೇ ಇರುವುದಿಲ್ಲ, ಕೆಲವು ಕಂಟ್ರೋಲರ್ ತಾಳುತ್ತವೆ, ಕೆಲವು ತಾಳವು. ಮೊದಲು ಫ್ಯೂಸ್ ನೋಡಿ, ಪ್ಲಸ್ ಮೈನಸ್ ಅದಲುಬದಲಾಗಿಲ್ಲವೇ ನೋಡಿ. ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್‌ಗೆ 12 ವೋಲ್ಟ್ ಸರಿಯಾಗಿ ಬರುತ್ತಿದ್ದೂ ದೀಪ ಹತ್ತದಿದ್ದರೆ ಒಳಗೆ ಸುಟ್ಟಿದೆ. ಹೊಸದನ್ನು ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ನಂತರ. ಇನ್ನು ನೀರು ತುಂಬಲು ವೈರ್ ತೆಗೆಯುವ ಅಗತ್ಯವೇ ಇಲ್ಲ. ಚಾರ್ಜ್ ಮುಗಿದ ಮೇಲೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಿದರೆ ಸಾಕು. ಹೈಡ್ರೋಜನ್ ಹೊಮ್ಮುತ್ತಿರುತ್ತದೆ, ಹತ್ತಿರ ಬೆಂಕಿ ತರಬೇಡಿ.