ಕಾರಿನ ಡಿಆರ್‌ಎಲ್ ದೀಪವನ್ನು ನಾವೇ ಆಫ್ ಮಾಡಿಕೊಳ್ಳಬಹುದೇ? ವೈರ್ ಕತ್ತರಿಸುವ ಮುನ್ನ ಇದನ್ನು ಓದಿ

ಚಿತ್ರದುರ್ಗದಿಂದ ದಾವಣಗೆರೆಗೆ ದಿನವೂ ಕಾರಿನಲ್ಲಿ ಓಡಾಡುವ ನೀವು, ಕಾರಿನ ಮುಂಭಾಗದಲ್ಲಿ ಹಗಲಿಡೀ ಉರಿಯುವ ಡಿಆರ್‌ಎಲ್ ಅಂದರೆ ಡೇಟೈಮ್ ರನ್ನಿಂಗ್ ಲೈಟ್ ದೀಪಗಳಿಂದ ಬ್ಯಾಟರಿ ಬೇಗ ಹಾಳಾಗುತ್ತದೆಯೇ, ಎದುರಿನಿಂದ ಬರುವವರು ಬೆರಳು ಬಿಡಿಸಿ ಮಡಚಿ ‘ಲೈಟ್ ಉರಿಯುತ್ತಿದೆ’ ಎಂದು ಸನ್ನೆ ಮಾಡುವುದು ತಪ್ಪಬೇಕಾದರೆ ಅವನ್ನು ಮನೆಯಲ್ಲೇ ನಿಲ್ಲಿಸಬಹುದೇ, ಪರಿಚಯದವರೊಬ್ಬರು ಹೇಳಿದಂತೆ ಒಂದು ವೈರ್ ಕತ್ತರಿಸಿದರೆ ಸಾಕೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನ ಬಳಿಗೂ ಇದೇ ಪ್ರಶ್ನೆ ಹಿಡಿದು ಬರುವವರಿದ್ದಾರೆ. ಆಫ್ ಮಾಡಬಹುದು, ಕೆಲವು ಕಾರುಗಳಲ್ಲಿ ಒಂದು ಸ್ಕ್ರೂ ಸಹ ಬಿಚ್ಚಬೇಕಾಗಿಲ್ಲ. ಆದರೆ ವೈರ್ ಕತ್ತರಿಸಬೇಡಿ. ಬೇಕೆನಿಸಿದ ದಿನ ಐದು ನಿಮಿಷದಲ್ಲಿ ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಗುವ ದಾರಿಯನ್ನು ಮಾತ್ರ ಹಿಡಿಯಿರಿ.

ಬ್ಯಾಟರಿಯ ಚಿಂತೆಯನ್ನು ಬಿಟ್ಟುಬಿಡಿ. ಎಂಜಿನ್ ಓಡುತ್ತಿರುವಾಗ ದೀಪಗಳಿಗೆ ಬೇಕಾದ ವಿದ್ಯುತ್ತನ್ನು, ಎಂಜಿನ್ನಿನಿಂದ ತಿರುಗಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಒದಗಿಸುತ್ತದೆ. ಎಲ್‌ಇಡಿ ಡಿಆರ್‌ಎಲ್ ಎರಡೂ ಬದಿ ಸೇರಿ ಸಾಮಾನ್ಯವಾಗಿ 20 ವ್ಯಾಟ್‌ನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಉರಿಯುತ್ತದೆ. ಹೆಡ್‌ಲೈಟಿನಲ್ಲಿ ಬಳಸುವ ಎಚ್4 ಹ್ಯಾಲೊಜನ್ ಬಲ್ಬಿನ ಡಿಮ್ ಒಂದು ಬದಿಗೇ 55 ವ್ಯಾಟ್ ಎಂಬುದನ್ನು ನೆನೆದರೆ ಇದು ಎಷ್ಟು ಅಲ್ಪವೆಂದು ತಿಳಿಯುತ್ತದೆ. ಪೆಟ್ರೋಲ್ ಖರ್ಚಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಆಗುವುದಿಲ್ಲ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲವೆಂದಾದರೆ ಅದರ ಕಾರಣವನ್ನು ಬೇರೆಡೆ ಹುಡುಕಬೇಕು.

ಕಾನೂನಿನ ಮಾತೂ ಚಿಕ್ಕದೇ. ಯುರೋಪಿನಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಈ ದೀಪ ಕಡ್ಡಾಯವಾಯಿತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ತಾನಾಗಿಯೇ ಉರಿಯಬೇಕೆಂಬ ನಿಯಮ ಬಂದಿದೆ. ಕಾರುಗಳಿಗೆ ಡಿಆರ್‌ಎಲ್ ಇರಲೇಬೇಕೆಂಬ ಕಡ್ಡಾಯವಿಲ್ಲ. ಒಂದೇ ಕಾರಿನ ಕಡಿಮೆ ಬೆಲೆಯ ಆವೃತ್ತಿ ಈ ದೀಪವಿಲ್ಲದೆಯೇ ಶೋರೂಮಿನಿಂದ ಹೊರಬರುವುದನ್ನು ನೀವೂ ನೋಡಿರುತ್ತೀರಿ.

ಕೈ ಹಾಕುವ ಮೊದಲು ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಡಿಆರ್‌ಎಲ್ ಎಂಬುದನ್ನು ಗುರುತಿಸಿಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲ ಅದನ್ನೇ ಅವಲಂಬಿಸಿದೆ. ಸಂಜೆ ಮನೆಯ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಒಬ್ಬರನ್ನು ಹೊರಗೆ ನಿಲ್ಲಿಸಿ. ಲೈಟಿನ ಸ್ವಿಚ್ಚನ್ನು ಪಾರ್ಕಿಂಗ್ ಸ್ಥಾನಕ್ಕೆ ತಿರುಗಿಸಿದಾಗ ಡಿಆರ್‌ಎಲ್ ಆರದೆ ಮಂದವಾದರೆ, ಅದೇ ಎಲ್‌ಇಡಿ ಪಟ್ಟಿಯೇ ಪಾರ್ಕಿಂಗ್ ಲೈಟಿನ ಕೆಲಸವನ್ನೂ ಮಾಡುತ್ತಿದೆ ಎಂದರ್ಥ. ಪೂರ್ತಿ ಆರಿ ಬೇರೆ ಬಲ್ಬ್ ಹೊತ್ತಿಕೊಂಡರೆ ಅದು ಬಹುಮಟ್ಟಿಗೆ ಪ್ರತ್ಯೇಕ ದೀಪ. ಇಂಡಿಕೇಟರ್ ಹಾಕಿದಾಗ ಆ ಬದಿಯ ಡಿಆರ್‌ಎಲ್ ಮಾತ್ರ ಆರುತ್ತಿದ್ದರೆ, ಅದನ್ನು ಸ್ವಿಚ್ಚಾಗಲಿ ರಿಲೇ ಆಗಲಿ ನೇರವಾಗಿ ನಡೆಸುತ್ತಿಲ್ಲ, ಕಾರಿನ ದೀಪ, ವೈಪರ್, ಬಾಗಿಲಿನ ಲಾಕ್‌ಗಳನ್ನೆಲ್ಲ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂದರೆ ಬಿಸಿಎಂ ನಡೆಸುತ್ತಿದೆ ಎಂದು ತಿಳಿಯಬಹುದು. ಕೆಲವು ಕಾರುಗಳಲ್ಲಿ ಎಚ್15 ಎಂಬ ಬಲ್ಬ್ ಇರುತ್ತದೆ. ಅದರ 15 ವ್ಯಾಟ್‌ನ ತಂತು ಹಗಲಿಗೆ, 55 ವ್ಯಾಟ್‌ನದು ಹೈ ಬೀಮ್‌ಗೆ. ಡಿಆರ್‌ಎಲ್ ನಿಲ್ಲಿಸಲೆಂದು ಇಂಥ ಬಲ್ಬನ್ನೇ ಕಳಚಿದರೆ ಹೈ ಬೀಮ್ ಸಹ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ಕಾರಿನೊಂದಿಗೆ ಬಂದ ಪುಸ್ತಕದಲ್ಲಿ ಲೈಟಿನ ಅಧ್ಯಾಯವನ್ನು ಓದಿ. ಕೆಲವು ಕಾರುಗಳ ಮೀಟರ್ ಪರದೆಯಲ್ಲಿ ಅಥವಾ ಮ್ಯೂಸಿಕ್ ಸಿಸ್ಟಮ್ಮಿನ ವಾಹನ ಸೆಟ್ಟಿಂಗ್‌ನಲ್ಲಿ ಡಿಆರ್‌ಎಲ್ ಆನ್, ಆಫ್ ಎಂಬ ಆಯ್ಕೆ ಇರುತ್ತದೆ. ಇದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಇನ್ನು ಕೆಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದೊಡನೆ ಡಿಆರ್‌ಎಲ್ ಆರುತ್ತದೆ. ಮನೆಯ ಮುಂದೆ ಎಂಜಿನ್ ಚಾಲೂ ಇಟ್ಟು ಯಾರಿಗಾದರೂ ಕಾಯುವಾಗ ಮಾತ್ರ ದೀಪ ಬೇಡವೆನ್ನುವವರಿಗೆ ಇಷ್ಟೇ ಸಾಕು. ಆದರೆ ಇದನ್ನು ತಿಳಿದವರಲ್ಲಿ ಕೆಲವರು ಹ್ಯಾಂಡ್ ಬ್ರೇಕನ್ನು ಒಂದೇ ಒಂದು ‘ಕ್ಲಿಕ್’ನಷ್ಟು ಎಳೆದುಕೊಂಡು ಓಡಿಸುತ್ತಾರೆ. ಇದು ಅಪಾಯಕಾರಿ ಅಭ್ಯಾಸ. ಹಿಂದಿನ ಬ್ರೇಕ್ ಉಜ್ಜಿ ಬಿಸಿಯಾಗಬಹುದು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಬಹುತೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕಿಗೆ ಉರಿಯುವ ಅದೇ ಕೆಂಪು ದೀಪವೇ ಬ್ರೇಕ್ ಆಯಿಲ್ ಕಡಿಮೆಯಾದಾಗಲೂ ಎಚ್ಚರಿಸುತ್ತದೆ. ಆ ದೀಪ ಸದಾ ಉರಿಯುತ್ತಿದ್ದರೆ ನಿಜವಾದ ಎಚ್ಚರಿಕೆ ಬಂದ ದಿನ ನಿಮಗೆ ಗೊತ್ತೇ ಆಗುವುದಿಲ್ಲ.

ಸೆಟ್ಟಿಂಗ್‌ನಲ್ಲಿ ಆಯ್ಕೆ ಇಲ್ಲದಿದ್ದರೆ ಮುಂದಿನ ದಾರಿ ಫ್ಯೂಸ್. ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ಒಂದು ಫ್ಯೂಸ್ ಬಾಕ್ಸ್, ಸ್ಟೇರಿಂಗಿನ ಬದಿಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಇನ್ನೊಂದು ಇರುತ್ತದೆ. ಮುಚ್ಚಳದ ಒಳಬದಿಯಲ್ಲಿ ಅಥವಾ ಪುಸ್ತಕದಲ್ಲಿ ನಕ್ಷೆ ಇರುತ್ತದೆ. ಅದರಲ್ಲಿ ಡಿಆರ್‌ಎಲ್ ಎಂದು ಪ್ರತ್ಯೇಕವಾಗಿ ನಮೂದಾಗಿರುವ ಫ್ಯೂಸ್ ಇದ್ದರೆ, ಕೀಲಿ ತೆಗೆದು, ಬಾಕ್ಸಿನಲ್ಲೇ ಇಟ್ಟಿರುವ ಪ್ಲಾಸ್ಟಿಕ್ ಚಿಮಟದಿಂದ ಅದೊಂದನ್ನೇ ನೇರವಾಗಿ ಎಳೆಯಿರಿ. ಎಳೆಯುವ ಮೊದಲು ಬಾಕ್ಸಿನ ಫೋಟೊ ತೆಗೆದುಕೊಂಡಿರಿ. ಬ್ಲೇಡ್ ಫ್ಯೂಸಿನ ಬಣ್ಣವೇ ಅದರ ಸಾಮರ್ಥ್ಯವನ್ನು ಹೇಳುತ್ತದೆ: ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20. ಮರಳಿ ಹಾಕುವಾಗ ಅದೇ ಬಣ್ಣದ್ದನ್ನೇ ಹಾಕಬೇಕು. ಡ್ಯಾಶ್‌ಬೋರ್ಡಿನ ಬಾಕ್ಸಿನಲ್ಲಿ ಏರ್‌ಬ್ಯಾಗಿನ ಫ್ಯೂಸೂ ಇರಬಹುದಾದ್ದರಿಂದ ಅಂದಾಜಿನ ಮೇಲೆ ಒಂದೊಂದೇ ಎಳೆದು ನೋಡುವುದು ಬೇಡ.

ಫ್ಯೂಸ್ ತೆಗೆದೊಡನೆ ಬಾನೆಟ್ ಮುಚ್ಚಿ ಹೊರಟುಬಿಡಬೇಡಿ. ಡಿಆರ್‌ಎಲ್ ಎಂದು ಬರೆದಿರುವ ಫ್ಯೂಸ್ ಬೇರೆ ಯಾವುದಾದರೂ ದೀಪಕ್ಕೂ ವಿದ್ಯುತ್ ಕೊಡುತ್ತಿರಬಹುದು. ಪಾರ್ಕಿಂಗ್ ಲೈಟ್, ಡಿಮ್, ಹೈ ಬೀಮ್, ನಾಲ್ಕೂ ಇಂಡಿಕೇಟರ್, ಬ್ರೇಕ್ ಲೈಟ್, ಹಿಂದಿನ ಕೆಂಪು ದೀಪ, ಹಾರ್ನ್ ಎಲ್ಲವನ್ನೂ ಪರೀಕ್ಷಿಸಿ, ಮೀಟರಿನಲ್ಲಿ ಹೊಸ ಎಚ್ಚರಿಕೆಯ ಚಿಹ್ನೆ ಬಂದಿದೆಯೇ ನೋಡಿ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಫ್ಯೂಸನ್ನು ಅಲ್ಲಿಯೇ ಮರಳಿ ಕೂರಿಸಿ. ನಿಮ್ಮ ಕಾರಿಗೆ ಈ ದಾರಿ ಆಗುವುದಿಲ್ಲ. ಎಲ್ಲವೂ ಸರಿಯಿದ್ದರೆ ತೆಗೆದ ಫ್ಯೂಸನ್ನು ಚೀಟಿಯೊಂದರಲ್ಲಿ ಸ್ಥಾನದ ಸಂಖ್ಯೆ ಬರೆದು ಸುತ್ತಿ ಗ್ಲೋವ್ ಬಾಕ್ಸಿನಲ್ಲಿಡಿ. ಮುಂದೆ ಆ ಕಾರನ್ನು ಕೊಳ್ಳುವವರಿಗೂ ಅದು ಬೇಕಾಗುತ್ತದೆ.

ಪ್ರತ್ಯೇಕ ಫ್ಯೂಸೇ ಇಲ್ಲದ, ಬಿಸಿಎಂ ನೇರವಾಗಿ ದೀಪ ಉರಿಸುವ ಕಾರುಗಳಲ್ಲಿ ಸ್ಕ್ಯಾನರ್ ಉಪಕರಣ ಜೋಡಿಸಿ ಕೋಡಿಂಗ್ ಅಂದರೆ ಬಿಸಿಎಂನೊಳಗಿನ ಸೆಟ್ಟಿಂಗ್ ಬದಲಿಸಬೇಕಾಗುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಮಾಲೀಕರಲ್ಲಿ ಇದನ್ನು ತಾವೇ ಮಾಡಿಕೊಳ್ಳುವವರಿದ್ದಾರೆ. ಹಳೆಯ ಕೋಡಿಂಗನ್ನು ಉಳಿಸಿಟ್ಟುಕೊಳ್ಳದೆಯಾಗಲಿ, ದುರ್ಬಲ ಬ್ಯಾಟರಿ ಇರುವಾಗಲಾಗಲಿ ಈ ಕೆಲಸಕ್ಕೆ ಇಳಿಯಬಾರದು. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರಿನಲ್ಲಿಯೇ ಲಿಖಿತವಾಗಿ ಕೋರಿ ಮಾಡಿಸಿಕೊಳ್ಳುವುದು ಕ್ಷೇಮ.

ಈಗ ವೈರ್ ಕತ್ತರಿಸುವ ವಿಷಯ. ಇಂದಿನ ಕಾರಿನ ಬಿಸಿಎಂ ದೀಪಕ್ಕೆ ಕರೆಂಟ್ ಹೋಗುತ್ತಿದೆಯೇ ಎಂಬುದನ್ನೂ ಗಮನಿಸುತ್ತಿರಬಹುದು. ವೈರ್ ತುಂಡಾದರೆ ಅದಕ್ಕೆ ಬಲ್ಬ್ ಕೆಟ್ಟಂತೆ ಕಾಣುತ್ತದೆ, ಮೀಟರಿನಲ್ಲಿ ದೋಷ ನಿಲ್ಲುತ್ತದೆ. ವೈರುಗಳನ್ನು ದೀಪಕ್ಕೆ ಜೋಡಿಸುವ ಒಂದೇ ಕಪ್ಲರಿನಲ್ಲಿ ಇಂಡಿಕೇಟರ್, ಪಾರ್ಕಿಂಗ್, ಅರ್ಥಿಂಗ್ ವೈರುಗಳೆಲ್ಲ ಒಟ್ಟಿಗೆ ಬರುವುದರಿಂದ ಅರ್ಥಿಂಗ್ ಕತ್ತರಿಸಿದವರ ಇಡೀ ಹೆಡ್‌ಲೈಟ್ ವಿಚಿತ್ರವಾಗಿ ಮಿನುಗತೊಡಗುತ್ತದೆ. ಟೇಪ್ ಸುತ್ತಿ ಬಿಟ್ಟ ತುದಿಗೆ ಮೊದಲು ನಮ್ಮ ಬೇಸಿಗೆಯ ಧೂಳು, ಆಮೇಲೆ ಮಳೆಗಾಲದ ನೀರು ಸೇರಿ ಹಸಿರು ತುಕ್ಕು ಹಾರ್ನೆಸ್ಸಿನ ಅಂದರೆ ವೈರುಗಳ ಕಟ್ಟಿನ ಒಳಕ್ಕೇ ಹರಿಯುತ್ತದೆ. ವಾರಂಟಿ ಕೇಳಲು ಹೋದಾಗ ಆ ಒಂದು ತುಂಡನ್ನು ತೋರಿಸಿಯೇ ನಿರಾಕರಿಸಬಹುದು. ದೀಪದ ಮೇಲೆ ಕಪ್ಪು ಟೇಪ್ ಅಂಟಿಸುವುದೂ ಬೇಡ. ಅದೇ ಪಟ್ಟಿ ಪಾರ್ಕಿಂಗ್ ಲೈಟೂ ಆಗಿದ್ದರೆ ರಾತ್ರಿಯ ಗುರುತೂ ಮುಚ್ಚಿಹೋಗುತ್ತದೆ.

ಆಕ್ಸೆಸರಿ ಅಂಗಡಿಯಲ್ಲಿ ಹೊರಗಿನಿಂದ ಹಾಕಿಸಿದ ಡಿಆರ್‌ಎಲ್ ಆಗಿದ್ದರೆ ನನ್ನ ಸಲಹೆ ಪೂರ್ತಿ ಬೇರೆ: ಅದನ್ನು ತೆಗೆಸಿಯೇಬಿಡಿ. ಇಂಥವುಗಳಿಗೆ ಎಷ್ಟೋ ಬಾರಿ ಬ್ಯಾಟರಿಯಿಂದ ನೇರ ವಿದ್ಯುತ್ ಕೊಟ್ಟಿರುತ್ತಾರೆ, ರಾತ್ರಿಯಿಡೀ ಬ್ಯಾಟರಿ ಇಳಿಯುವುದು ಇದರಿಂದಲೂ ಆಗಬಹುದು. ಬ್ಯಾಟರಿಯ ನೆಗೆಟಿವ್ ಕಳಚಿ, ಆ ವೈರ್ ಎಲ್ಲಿ ಸೇರಿದೆಯೋ ಅಲ್ಲಿಯವರೆಗೂ ಹಿಂಬಾಲಿಸಿ ಬುಡದಲ್ಲೇ ಬಿಚ್ಚಬೇಕು.

ಕಂಪನಿಯ ಡಿಆರ್‌ಎಲ್ ಕುರಿತು ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಅದು ಉರಿಯುತ್ತಿರಲಿ ಎನ್ನುತ್ತೇನೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಡುವೆ ವಿಭಜಕವಿರುವುದರಿಂದ ಅದರ ಬೆಲೆ ಅಷ್ಟಾಗಿ ತಿಳಿಯದು. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ವಿಭಜಕವಿಲ್ಲದ ರಸ್ತೆಗಳಲ್ಲಿ ಸುಗ್ಗಿಯ ಕಾಲಕ್ಕೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಲು ಹರಡಿರುತ್ತದೆ, ಉಳಿದರ್ಧದಲ್ಲಿ ಎರಡೂ ಕಡೆಯವರು ಬರಬೇಕು. ಮಧ್ಯಾಹ್ನದ ಬಿಸಿಲಿನ ಝಳದಲ್ಲಿ ಬೂದು ಬಣ್ಣದ ಕಾರು ಡಾಂಬರಿನಲ್ಲೇ ಕರಗಿಹೋದಂತೆ ಕಾಣುವಾಗ ಆ ಎರಡು ಬಿಳಿ ಚುಕ್ಕೆಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಸನ್ನೆ ಮಾಡುವವರಿಗೆ ತಲೆಯಾಡಿಸಿ ಮುಂದೆ ಹೋಗಿ.

ಈ ದೀಪದ ವಿರುದ್ಧ ನನಗಿರುವ ನಿಜವಾದ ಆಕ್ಷೇಪ ಒಂದೇ. ಅನೇಕ ಕಾರುಗಳಲ್ಲಿ ಡಿಆರ್‌ಎಲ್ ಉರಿಯುವಾಗ ಹಿಂದಿನ ಕೆಂಪು ದೀಪಗಳು ಉರಿಯುವುದಿಲ್ಲ, ಮೀಟರ್ ಮಾತ್ರ ಸದಾ ಬೆಳಗುತ್ತಿರುತ್ತದೆ. ಸಂಜೆ ಬೀದಿದೀಪಗಳ ಬೆಳಕಿನಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಾಗುವವರು ಹೆಡ್‌ಲೈಟ್ ಹಾಕಿದ್ದೇವೆಂದೇ ಭಾವಿಸಿ, ಹಿಂಬದಿ ಕತ್ತಲಾಗಿರುವಂತೆಯೇ ಹೆದ್ದಾರಿಗೆ ಇಳಿಯುತ್ತಾರೆ. ಹಿಂದೆ ಬರುವ ಲಾರಿಯವರಿಗೆ ಅವರು ಕಾಣುವುದೇ ಇಲ್ಲ. ನೀವು ಡಿಆರ್‌ಎಲ್ ಉಳಿಸಿಕೊಂಡರೂ ತೆಗೆದರೂ ಕತ್ತಲಾಗುವ ಮೊದಲೇ ಸ್ವಿಚ್ ತಿರುಗಿಸುವುದು ನಿಮ್ಮ ಕೈಯಲ್ಲೇ ಇದೆ.

ಕಾರಿನ ಮಾದರಿ, ತಯಾರಾದ ವರ್ಷ ಮತ್ತು ಗೋಡೆಯ ಮುಂದೆ ಮಾಡಿದ ಪರೀಕ್ಷೆಯಲ್ಲಿ ಕಂಡದ್ದನ್ನು ಬರೆದರೆ, ಫ್ಯೂಸ್ ಬಾಕ್ಸಿನ ನಕ್ಷೆಯ ಫೋಟೊ ಜೊತೆಗಿದ್ದರೆ, ಯಾವ ದಾರಿ ನಿಮಗೆ ಹೊಂದುತ್ತದೆ ಎಂಬುದನ್ನು ಖಚಿತವಾಗಿ ತಿಳಿಸುತ್ತೇನೆ.