ಕ್ರೈಸ್ತರಾಗಿದ್ದೂ ‘ಆ ಕಡೆಯವರೆಲ್ಲ ಹೀಗೇ’ ಅನ್ನೋ ಯೋಚನೆ ಬರ್ತದೆ, ಏನು ಮಾಡ್ಲಿ?

ಪಕ್ಕದ ಮನೆಗೆ ಬೇರೆ ರಾಜ್ಯದ ಬಾಡಿಗೆಯವರು ಬಂದಿದ್ದಾರೆ, ಎಲ್ಲರನ್ನೂ ಪ್ರೀತಿಸ್ಬೇಕು ಅಂತ ಸಣ್ಣದಿರುವಾಗಿಂದ ಕಲ್ತಿದ್ರೂ ಅವರನ್ನ ಕಂಡ ಕೂಡ್ಲೇ ‘ಇವರೆಲ್ಲ ಹೀಗೇ’ ಅಂತ ಮನಸ್ಸು ಹೇಳ್ತದೆ ಅಂತ ಕೇಳಿದ್ದೀರಿ. ಯೋಚನೆ ಬಂದದ್ದಕ್ಕೇ ನೀವು ಕೆಟ್ಟವರಾಗ್ಲಿಲ್ಲ. ನಂಗೆ ಆದದ್ದು ಹೇಳ್ತೇನೆ.

ನಾನು ಕಾಸರಗೋಡಿನ ಬದಿಯ ಕೊಂಕಣಿ ಕ್ಯಾಥೊಲಿಕ್. ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಒಂದೇ ಬಸ್ಸಲ್ಲಿ ಕೇಳ್ಸೋ ಊರು. ನಮ್ಮನ್ನೂ ‘ಪೊರ್ಬುಗಳು’ (ತುಳುವಲ್ಲಿ ಕೊಂಕಣಿ ಕ್ರೈಸ್ತರಿಗೆ ಹೇಳೋ ಹೆಸರು) ಅಂತ ಒಟ್ಟಿಗೆ ಸೇರ್ಸಿ ಕುಡಿಯೋರು, ದುಂದು ಮಾಡೋರು ಅಂತ ಹೇಳೋರಿದ್ದಾರೆ, ನನ್ನ ಅಪ್ಪ ಒಂದು ತೊಟ್ಟು ಕುಡಿದವರಲ್ಲ. ಅದು ಎಷ್ಟು ನೋಯ್ತದೆ ಅಂತ ಗೊತ್ತಿದ್ದವನು ನಾನು, ಆದ್ರೂ ಅದನ್ನೇ ಮಾಡಿದೆ.

ನಮ್ಮಲ್ಲಿ ಅಸ್ಸಾಂನವ್ರು, ಬಿಹಾರದವ್ರು, ಒಡಿಶಾದವ್ರು ಯಾರು ಕೆಲಸಕ್ಕೆ ಬಂದ್ರೂ ‘ಬಂಗಾಳಿ’ ಅಂತಲೇ ಹೆಸರು. ತೋಟಕ್ಕೆ ಅಡಿಕೆ ಹೆಕ್ಲಿಕ್ಕೆ, ಗೊಬ್ಬರ ಹೊರ್ಲಿಕ್ಕೆ ಬರ್ತಿದ್ದ ಹುಡುಗನನ್ನ ಎರಡು ವರ್ಷ ನಾನೂ ಹಾಗೇ ಕರ್ದೆ, ಬಂಗಾಳಿಗಳಿಗೆ ಅಡ್ವಾನ್ಸ್ ಕೊಟ್ರೆ ಮರುದಿನ ಇರುದಿಲ್ಲ ಅಂತ ಯಾರೋ ಹೇಳಿದ್ದನ್ನ ನಂಬಿ ಒಂದು ರೂಪಾಯಿ ಮುಂಗಡ ಕೊಟ್ಟವನಲ್ಲ, ಅವನು ಕೇಳಿಯೂ ಇರ್ಲಿಲ್ಲ.

ಆಮೇಲೆ ಒಂದು ಸೆಪ್ಟೆಂಬರ್ 8, ಮೊಂತಿ ಫೆಸ್ತ್ ದಿನ, ಅಂದ್ರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಗೆ ಹೊಸ ತೆನೆಯ ಹಬ್ಬವೂ ಹೌದು, ಪೂಜೆ ಮುಗಿದು ತೆನೆ ಹಂಚುವಾಗ ನೋಡ್ತೇನೆ, ಇಗರ್ಜಿಯ ಹಿಂದಿನ ಬಾಗಿಲ ಹತ್ರ ಅವನು ನಿಂತಿದ್ದಾನೆ. ಒಡಿಶಾದ ಕಂಧಮಾಲ್‌ನವನಂತೆ. 2008ರಲ್ಲಿ ಅಲ್ಲಿ ಸ್ವಾಮೀಜಿಯೊಬ್ಬರ ಕೊಲೆ ಆದ್ಮೇಲೆ ಕ್ರೈಸ್ತರ ಮೇಲೆ ದಾಳಿ ನಡೆದು ಸಾವಿರಾರು ಮನೆ ಸುಟ್ಟುಹೋದದ್ದು ನಂಗೆ ಗೊತ್ತಿತ್ತು. ಎದೆ ತುಂಬಿ ಬಂತು, ‘ನಮ್ಮವನು’ ಅಂತ ಆಯ್ತು, ಅವತ್ತೇ ಮನೆಗೆ ಊಟಕ್ಕೆ ಕರ್ದೆ.

ನಿಮ್ಗೆ ಮುಖ್ಯವಾಗಿ ಹೇಳ್ಲಿಕ್ಕಿರುದು ಇದೇ. ಬಂಗಾಳಿ ಅನ್ನೋ ಚೀಟಿ ಕಿತ್ತು ‘ಕಷ್ಟ ಅನುಭವಿಸಿದ ಕ್ರೈಸ್ತ’ ಅನ್ನೋ ಚೀಟಿ ಅಂಟಿಸಿದ್ದೆ, ಅಷ್ಟೇ. ಊಟಕ್ಕೆ ಕೂತಾಗ ಆ ಗಲಭೆ ಬಗ್ಗೆ ಕೇಳಿದೆ. ಅವನು ತಟ್ಟೆ ನೋಡ್ಕೊಂಡು, ನಾನು ಚರ್ಚಿಗೆ ಹೋಗುದೇ ಇಲ್ಲ, ರೂಮಿನವನು ಎಳ್ಕೊಂಡು ಬಂದ, ಅಂತ ಹೇಳಿ ಸುಮ್ಮನಾದ. ಆ ಕಥೆ ಅವನಿಗೆ ಬೇಡ ಇತ್ತು, ನಂಗೆ ಬೇಕಿತ್ತು.

ಮಾರ್ಕನ ಸುವಾರ್ತೆ ಎಂಟನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ವಿಷಯ ಉಂಟಲ್ಲ, ಯೇಸು ಮೊದಲ ಸಲ ಮುಟ್ಟಿದಾಗ ಅವನಿಗೆ ಮನುಷ್ಯರು ನಡೆದಾಡೋ ಮರಗಳ ಹಾಗೆ ಕಾಣ್ತಾರೆ, ಎರಡನೇ ಸಲ ಕಣ್ಣಿನ ಮೇಲೆ ಕೈ ಇಟ್ಟ ಮೇಲೆಯೇ ಎಲ್ಲ ಸ್ಪಷ್ಟ ಆಗುದು. ಎರಡು ಸಲ ಯಾಕೆ ಅಂತ ಮೊದಲೆಲ್ಲ ಆಶ್ಚರ್ಯ ಆಗ್ತಿತ್ತು. ಈಗ ಅದು ನಂದೇ ಕಥೆ ಅನ್ನಿಸ್ತದೆ, ಪ್ರೀತಿ ಬಂದ ಮೇಲೂ ನಂಗೆ ಆ ಹುಡುಗ ಮರವೇ ಆಗಿದ್ದ, ‘ನಮ್ಮ’ ಮರ ಅಷ್ಟೇ. ಅದೇ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಬಾರ್ತಿಮಾಯ ಕುರುಡ ಅಂತ ಕಣ್ಣೆದುರೇ ಕಾಣ್ತಿದ್ರೂ ಯೇಸು ಅವನ ಹತ್ರ ‘ನಿನಗೆ ನಾನು ಏನು ಮಾಡ್ಬೇಕು’ ಅಂತ ಕೇಳ್ತಾರೆ. ಹಾಗಾಗಿ ನೀವೂ ಆ ಮನೆಯವರನ್ನ ಕೇಳಿ. ಹೆಸರು ಕೇಳಿ, ಅದನ್ನ ಸರಿಯಾಗಿ ಹೇಳ್ಲಿಕ್ಕೆ ಕಲೀರಿ, ಅವರು ಹೇಳಿದ್ದು ನೀವು ಎಣಿಸಿದ್ದಕ್ಕೆ ಹೊಂದದಿದ್ರೆ ಅಲ್ಲೇ ನಿಂತು ಇನ್ನೂ ಸ್ವಲ್ಪ ಕೇಳಿ. ಪಾಯಸ ಕೊಟ್ಟು ಬಂದ್ರೆ ಮುಗೀಲಿಲ್ಲ.

ಆ ಊಟ ಆದ ಮೇಲಿನ ಜನವರಿಯಲ್ಲಿ ಅಮ್ಮ ಹಿತ್ತಿಲಲ್ಲಿ ಅರಿಶಿನ ಕೀಳ್ತಿದ್ರು. ಆ ಹುಡುಗ ಒಂದು ಗೆಡ್ಡೆ ಮುರಿದು ಮೂಸಿ, ‘ಅಮ್ಮಾ, ಬೇಗ ಆಯ್ತು, ಎಲೆ ಪೂರ್ತಿ ಒಣಗ್ಬೇಕಿತ್ತು’ ಅಂದ. ಅವನ ಮನೆಯವರು ಬೆಳೆಯೋದೇ ಅರಿಶಿನ ಅಂತೆ, ಕಂಧಮಾಲ್ ಅರಿಶಿನಕ್ಕೆ 2019ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ ಅಂತ ನಂಗೆ ಆಮೇಲೆ ಗೊತ್ತಾಯ್ತು. ಅವತ್ತು ಕತ್ತಲಾಗೋ ತನಕ ಮಾತಾಡಿದ, ಎರಡು ವರ್ಷದಲ್ಲಿ ಅಷ್ಟು ಮಾತು ನಾನು ಅವನ ಬಾಯಲ್ಲಿ ಕೇಳಿರ್ಲಿಲ್ಲ. ಉಳಿದ ಗಿಡಗಳನ್ನ ಅಮ್ಮ ಅವನು ಹೇಳಿದ ಹಾಗೆ ಫೆಬ್ರವರಿಗೆ ಬಿಟ್ರು.