34 ಜನರ ತಂಡದಲ್ಲಿ ಹೊಸಬನಿಗೆ ಜಾಗವೆಲ್ಲಿ?

ಪ್ರಶ್ನೆ: ಮಾನ್ಯರೇ, ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಹೈಸ್ಕೂಲಿನ ಮೂರನೇ ವರ್ಷದಲ್ಲಿ ಓದುತ್ತಿದ್ದಾನೆ, ಶಾಲಾ ಬೇಸ್‌ಬಾಲ್ ತಂಡದಲ್ಲಿ ಬಲಗೈ ಪಿಚರ್, ಎಂದರೆ ಚೆಂಡೆಸೆಯುವವನು. ಕಾಲೇಜು ತಂಡಗಳು ಈಗ ಮೊದಲಿಗಿಂತ ಎಷ್ಟೋ ಹೆಚ್ಚು ಸ್ಕಾಲರ್‌ಶಿಪ್ ಕೊಡಬಹುದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವನಿಗಿಂತ ಒಂದು ವರ್ಷ ದೊಡ್ಡವನಾದ, ಚೆನ್ನಾಗಿಯೇ ಆಡುವ ಗೆಳೆಯನಿಗೆ ಮಾತು ಕೊಟ್ಟಿದ್ದ ಕೋಚ್ ಒಬ್ಬರು ಕಡೆಯ ಗಳಿಗೆಯಲ್ಲಿ ‘ಜಾಗವಿಲ್ಲ’ ಎಂದುಬಿಟ್ಟರಂತೆ. ಹಣ ಹೆಚ್ಚಾದ ಮೇಲೆ ಜಾಗ ಕಡಿಮೆಯಾಗುವುದು ಹೇಗೆ? ನಮ್ಮ ಹುಡುಗ ಏನನ್ನು ಗಮನದಲ್ಲಿಟ್ಟುಕೊಳ್ಳಬೇಕು?

ಉತ್ತರ: ನೀವು ಕೇಳಿದ ಎರಡು ಮಾತೂ ನಿಜ, ಮತ್ತು ಎರಡಕ್ಕೂ ಮೂಲ ಒಂದೇ. ಅದು ತಿಳಿಯಬೇಕಾದರೆ ಹಳೆಯ ಲೆಕ್ಕದಿಂದ ಆರಂಭಿಸಬೇಕು. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ತನ್ನ ಮೊದಲ ದರ್ಜೆಯ ಬೇಸ್‌ಬಾಲ್ ತಂಡವೊಂದಕ್ಕೆ ದಶಕಗಳ ಕಾಲ ಅನುಮತಿಸಿದ್ದು ಕೇವಲ 11.7 ಪೂರ್ಣ ಸ್ಕಾಲರ್‌ಶಿಪ್‌ಗಳನ್ನು. ತಂಡದಲ್ಲಿ 35 ಜನ, ಆ 11.7ನ್ನು 27 ಜನರಿಗಿಂತ ಹೆಚ್ಚು ಮಂದಿಗೆ ಹಂಚುವಂತಿರಲಿಲ್ಲ, ಪಡೆಯುವವನಿಗೆ ಶೇ. 25ಕ್ಕಿಂತ ಕಡಿಮೆ ಕೊಡುವಂತೆಯೂ ಇರಲಿಲ್ಲ. ಹೀಗಾಗಿ ಶುಕ್ರವಾರದ ಪಂದ್ಯವನ್ನು ಆರಂಭಿಸುವ ಪ್ರಮುಖ ಪಿಚರ್‌ಗೆ ಶೇ. 60, ಶಾರ್ಟ್‌ಸ್ಟಾಪ್‌ಗೆ 45, ಎರಡನೇ ಕ್ಯಾಚರ್‌ಗೆ 25 ಎಂದು ಕೋಚ್ ಕಾಗದದ ಮೇಲೆ ಕೂಡಿಸಿ ಕಳೆದು ಹೊಂದಿಸಬೇಕಾಗಿತ್ತು. ಉಳಿದವರು ತಮ್ಮ ಶುಲ್ಕವನ್ನು ತಾವೇ ಕಟ್ಟಿ ಆಡುತ್ತಿದ್ದರು. ಹಣ ಅಷ್ಟು ಕಡಿಮೆಯಿದ್ದರೂ ಈ ಪದ್ಧತಿಯಲ್ಲಿ ಒಂದು ಒಳ್ಳೆಯದಿತ್ತು ಎಂದು ನಾನು ನಂಬುತ್ತೇನೆ: ಇನ್ನೂ ಮೈಕಟ್ಟು ತುಂಬದ, ವೇಗ ಬರಬೇಕಾದ ಹದಿನೆಂಟರ ಹುಡುಗನನ್ನು ಒಂದೆರಡು ವರ್ಷ ತಂಡದಲ್ಲಿಟ್ಟುಕೊಂಡು ಬೆಳೆಸುವುದು ಕೋಚ್‌ಗೆ ಭಾರವಾಗುತ್ತಿರಲಿಲ್ಲ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದಕ್ಕೆ ಅಂತಿಮ ಮುದ್ರೆ ಒತ್ತಿದಾಗ ಈ ಲೆಕ್ಕವೇ ತಲೆಕೆಳಗಾಯಿತು. ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್‌ಗಳ ಮಿತಿ ಹೋಗಿ, ಅದರ ಬದಲು ಆಟಗಾರರ ಸಂಖ್ಯೆಗೇ ಮಿತಿ ಬಂತು. ಬೇಸ್‌ಬಾಲ್‌ಗೆ ಆ ಸಂಖ್ಯೆ 34. ಕೋವಿಡ್ ನಂತರದ ವರ್ಷಗಳಲ್ಲಿ 40 ಜನರವರೆಗೆ ಬೆಳೆದಿದ್ದ ತಂಡಗಳಿಗೆ ಇದು ಆರು ಜನರ ಕಡಿತ. ಮನಸ್ಸಿದ್ದರೆ 34 ಜನರಿಗೂ ಪೂರ್ಣ ಸ್ಕಾಲರ್‌ಶಿಪ್ ಕೊಡಬಹುದು, ಕೊಡಲೇಬೇಕೆಂದಿಲ್ಲ. ಕಾಲೇಜು ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ನೇರವಾಗಿ ಹಂಚಬಹುದಾದ ಹಣಕ್ಕೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ಗಳ ಮಿತಿಯಿದ್ದು, ಹೊಸದಾಗಿ ಸೇರಿಸಿದ ಸ್ಕಾಲರ್‌ಶಿಪ್‌ಗಳ ವೆಚ್ಚದಲ್ಲಿ 25 ಲಕ್ಷ ಡಾಲರ್‌ವರೆಗೆ ಅದರೊಳಗೇ ಸೇರುತ್ತದೆ. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ ಹೋಗುವುದರಿಂದ ಬೇಸ್‌ಬಾಲ್‌ಗೆ ಎಷ್ಟು ದಕ್ಕುತ್ತದೆ ಎಂಬುದು ಆ ಕಾಲೇಜು ಈ ಆಟಕ್ಕೆ ಕೊಡುವ ಮಹತ್ವವನ್ನು ಅವಲಂಬಿಸಿದೆ. ಹಾರ್ವರ್ಡ್, ಯೇಲ್ ಮುಂತಾದ ಐವಿ ಲೀಗ್‌ನ ಕಾಲೇಜುಗಳು ಒಪ್ಪಂದಕ್ಕೆ ಸೇರಲೇ ಇಲ್ಲ. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಎಂಬುದೇ ಇಲ್ಲ.

ಇನ್ನು ಆ 34ರಲ್ಲಿ ಯಾರಿಗೆ ಜಾಗ ಎಂಬ ಪ್ರಶ್ನೆ. ನಿಮ್ಮ ಅಕ್ಕನ ಮಗನಿಗೆ ನಿಜವಾಗಿ ಪೈಪೋಟಿ ಇರುವುದು ಅವನ ವಯಸ್ಸಿನ ಹುಡುಗರಿಂದಲ್ಲ. ಮೊದಲು ಬೇಸ್‌ಬಾಲ್ ಆಟಗಾರ ಮೊದಲ ದರ್ಜೆಯ ಒಂದು ಕಾಲೇಜು ಬಿಟ್ಟು ಅದೇ ದರ್ಜೆಯ ಇನ್ನೊಂದಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಾಗಿತ್ತು. 2021ರಲ್ಲಿ ಒಮ್ಮೆ ಮಾತ್ರ ಹಾಗೆ ಕೂರದೆ ಬದಲಾಯಿಸುವ ಅವಕಾಶ ಬಂತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಬಾರಿ ಬೇಕಾದರೂ ಬದಲಾಯಿಸಬಹುದು ಎಂದಾಯಿತು. ಇದರ ಬಲ ಎಷ್ಟು ಎಂಬುದನ್ನು ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ 2023ರ ತಂಡದಲ್ಲಿ ಕಂಡೆವು. ಏರ್ ಫೋರ್ಸ್ ಅಕಾಡೆಮಿಯಲ್ಲಿ ಎರಡು ವರ್ಷ ಆಡಿ ಬಂದ ಪಾಲ್ ಸ್ಕೀನ್ಸ್ ಆ ವರ್ಷದ ಅತ್ಯುತ್ತಮ ಪಿಚರ್ ಆದರು. ನಾರ್ತ್ ಕ್ಯಾರೊಲಿನಾ ಸ್ಟೇಟ್‌ನಿಂದ ಬಂದ ಟಾಮಿ ವೈಟ್, ರಾಷ್ಟ್ರೀಯ ಅಂತಿಮ ಟೂರ್ನಿ ನಡೆಯುವ ಒಮಾಹಾದಲ್ಲಿ ವೇಕ್ ಫಾರೆಸ್ಟ್ ವಿರುದ್ಧ ಹೆಚ್ಚುವರಿ ಇನಿಂಗ್ಸ್‌ಗೆ ಹೋಗಿದ್ದ ಪಂದ್ಯವನ್ನು ಹೋಂ ರನ್ ಹೊಡೆದು ಮುಗಿಸಿದರು. ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದನ್ನು ನೋಡಿದ ಯಾವ ಕೋಚ್ ತಾನೇ ಇಪ್ಪತ್ತೊಂದು ವರ್ಷದ ಪಳಗಿದ ಪಿಚರ್ ಕಣ್ಣೆದುರಿಗಿರುವಾಗ, ಮುಂದೆಂದೋ ಪಳಗಬಹುದಾದ ಹುಡುಗನಿಗಾಗಿ ಜಾಗ ಕಾದಿರಿಸುತ್ತಾರೆ?

ಮೇಜರ್ ಲೀಗ್‌ನ ಡ್ರಾಫ್ಟ್, ಎಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸುತ್ತುಗಳಲ್ಲಿ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ ಕೂಡ ಇದೇ ದಿಕ್ಕಿನಲ್ಲಿ ಒತ್ತಿದೆ. 2019ರವರೆಗೆ 40 ಸುತ್ತುಗಳಿದ್ದ ಆಯ್ಕೆ 2021ರಿಂದ 20 ಸುತ್ತುಗಳಿಗೆ ಇಳಿದಿರುವುದರಿಂದ, ವೃತ್ತಿಪರ ತಂಡಗಳಿಗೆ ಹೋಗುತ್ತಿದ್ದ ಎಷ್ಟೋ ಆಟಗಾರರು ಕಾಲೇಜಿನಲ್ಲಿಯೇ ಉಳಿಯುತ್ತಾರೆ. ಆ ಆಯ್ಕೆ ನಡೆಯುವುದು ಜುಲೈನಲ್ಲಿ. ತನ್ನ ಆಟಗಾರರಲ್ಲಿ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂದು ಕೋಚ್‌ಗೆ ಅಲ್ಲಿಯವರೆಗೆ ಖಚಿತವಾಗಿ ತಿಳಿಯದ ಕಾರಣ ನಾಲ್ಕಾರು ಜನರನ್ನು ಹೆಚ್ಚಿಗೆ ಒಪ್ಪಿಸಿಕೊಂಡಿರುತ್ತಾರೆ. ಹಿಂದೆ ಈ ಹೆಚ್ಚುವರಿ ಜನ ಹೇಗೋ ತಂಡದಲ್ಲಿ ಹಿಡಿಸುತ್ತಿದ್ದರು. ಈಗ ಬೇಸ್‌ಬಾಲ್ ತಂಡ ಡಿಸೆಂಬರ್ 1ರೊಳಗೆ 34ಕ್ಕೆ ಇಳಿಯಬೇಕು. ಎಂದರೆ ಆಗಸ್ಟ್‌ನಲ್ಲಿ ಕಾಲೇಜು ಸೇರಿ, ಹಾಸ್ಟೆಲ್‌ನಲ್ಲಿ ಕೋಣೆ ಹಿಡಿದು, ಶರತ್ಕಾಲದ ಅಭ್ಯಾಸವನ್ನೆಲ್ಲ ಮುಗಿಸಿದ ಹುಡುಗನನ್ನು ಕರೆದು, ಒಂದೂ ಪಂದ್ಯ ಆಡುವ ಮೊದಲೇ ‘ನೀನು ಪಟ್ಟಿಯಲ್ಲಿಲ್ಲ’ ಎನ್ನಬಹುದು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ನೋವುಂಟುಮಾಡುವುದು ಇದೇ. ತಪ್ಪು ಹುಡುಗನದಲ್ಲ, ಬಹುಪಾಲು ಕೋಚ್‌ಗಳದೂ ಅಲ್ಲ. ಆದರೆ ಅದರ ಪೆಟ್ಟು ತಿನ್ನುವವನು ಹದಿನೆಂಟು ವರ್ಷದವನು.

ಒಂದು ಬದಲಾವಣೆಯನ್ನು ಮಾತ್ರ ನಾನು ಮನಸಾರೆ ಸ್ವಾಗತಿಸುತ್ತೇನೆ. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಕಾಲೇಜುಗಳಿಗೆ ಬಾಯಿಮಾತಿನಲ್ಲಿ ಒಪ್ಪಿಗೆ ಕೊಡುವ ಕಾಲವಿತ್ತು. 2023ರ ನಿಯಮದಂತೆ ಹುಡುಗ ಹೈಸ್ಕೂಲಿನ ಮೂರನೇ ವರ್ಷಕ್ಕೆ ಕಾಲಿಡುವ ಆಗಸ್ಟ್ 1ಕ್ಕೆ ಮೊದಲು ಮೊದಲ ದರ್ಜೆಯ ಕೋಚ್‌ಗಳು ಅವನೊಂದಿಗೆ ಸೇರ್ಪಡೆಯ ಮಾತಾಡುವಂತಿಲ್ಲ. ನಿಮ್ಮ ಹುಡುಗ ಆ ಗಡಿಯನ್ನು ದಾಟಿದ್ದಾನೆ, ಆದ್ದರಿಂದ ಕೇಳುವ ಹಕ್ಕು ಅವನಿಗೂ ಇದೆ. ಕಳೆದ ವರ್ಷ ಎಷ್ಟು ಪಿಚರ್‌ಗಳು ಬೇರೆ ಕಾಲೇಜುಗಳಿಂದ ಬಂದರು, ಮೊದಲ ವರ್ಷದವರು ಒಟ್ಟು ಎಷ್ಟು ಇನಿಂಗ್ಸ್ ಎಸೆದರು, ಡಿಸೆಂಬರ್‌ನಲ್ಲಿ ಎಷ್ಟು ಜನರನ್ನು ಬಿಟ್ಟರು ಎಂದು ಅವನೇ ವಿನಯದಿಂದ ಕೇಳಲಿ. ಅಪ್ಪ ಅಮ್ಮ ಕೇಳುವುದಕ್ಕಿಂತ ಹುಡುಗ ಕೇಳಿದರೆ ಕೋಚ್‌ಗಳಿಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಬಾಯಿಮಾತಿನ ಭರವಸೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಹಿಂದೆ ಸಹಿ ಹಾಕುತ್ತಿದ್ದ ರಾಷ್ಟ್ರೀಯ ಒಪ್ಪಿಗೆ ಪತ್ರದ ಪದ್ಧತಿಯನ್ನೂ 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಲಾಗಿದೆ. ಈಗ ಬೆಲೆಯಿರುವುದು ಹಣಕಾಸು ನೆರವಿನ ಲಿಖಿತ ಒಪ್ಪಂದಕ್ಕೆ. ಅದನ್ನು ಓದುವಾಗ ಎಷ್ಟು ವರ್ಷಕ್ಕೆ, ತಂಡದಿಂದ ಬಿಟ್ಟರೂ ನೆರವು ಮುಂದುವರಿಯುತ್ತದೆಯೇ ಎಂಬ ಎರಡು ಸಾಲುಗಳನ್ನು ಮೊದಲು ಹುಡುಕಿ.

ಎರಡು ವರ್ಷದ ಜೂನಿಯರ್ ಕಾಲೇಜುಗಳನ್ನು ಕೀಳಾಗಿ ಕಾಣಬೇಡಿ. ಅಲ್ಲಿ ಅವನಿಗೆ ಎಸೆಯಲು ಇನಿಂಗ್ಸ್‌ಗಳು ಸಿಗುತ್ತವೆ, ಮತ್ತು ಇಪ್ಪತ್ತನೇ ವಯಸ್ಸಿನಲ್ಲಿ ದೊಡ್ಡ ಕಾಲೇಜಿನ ಬಾಗಿಲು ತಟ್ಟುವಾಗ ಇಂದು ಅವನ ದಾರಿಗೆ ಅಡ್ಡಲಾಗಿರುವ ಆ ಪಳಗಿದ ಪಿಚರ್ ಅವನೇ ಆಗಿರುತ್ತಾನೆ.